ಸಮೀಕರಣದ ಕೊನೆಯ ಅಕ್ಷರ

ಕಳೆದ ಡಿಸೆಂಬರಿನ ಒಂದು ರಾತ್ರಿ ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಮನೆಯ ತಾರಸಿಯ ಮೇಲೆ ನಿಂತು, ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗಳಿಗೆ ಟೌ ಸೆಟಿ ಎಂಬ ನಕ್ಷತ್ರವನ್ನು ತೋರಿಸಲು ಮುಕ್ಕಾಲು ಗಂಟೆ ಹೆಣಗಿದೆ. ಮೊಬೈಲಿನ ಆ್ಯಪ್ ಅದು ಇಲ್ಲೇ ಇದೆ ಎಂದು ಸಾಧಿಸುತ್ತಿತ್ತು. ಕಣ್ಣಿಗೆ ಮಾತ್ರ ಬೀದಿದೀಪಗಳ ಮಬ್ಬಿನ ಹೊರತು ಏನೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಬಡಾವಣೆಗೆಲ್ಲ ಕರೆಂಟ್ ಹೋಯಿತು. ಪಕ್ಕದ ಅಪಾರ್ಟ್‌ಮೆಂಟಿನ ಜನರೇಟರ್ ಗುಡುಗಲು ತೊಡಗುವ ಮುನ್ನ ಸಿಕ್ಕ ಒಂದೆರಡು ನಿಮಿಷಗಳಲ್ಲಿ ಆ ಮಂಕು ಚುಕ್ಕಿ ಕಾಣಿಸಿತು. "ಇಷ್ಟೇನಾ ಮಾಮ?" ಎಂದಳು.

ಇಷ್ಟೇ. ಆದರೆ ಭೂಮಿಯಾಚೆಯ ಬುದ್ಧಿವಂತ ಜೀವಿಗಳ ಹುಡುಕಾಟ (ಬುದ್ಧಿಜೀವಿ ಎಂಬ ಪದವನ್ನು ನಾವು ಬೇರೆ ಜಗಳಗಳಿಗೆ ಖರ್ಚು ಮಾಡಿಬಿಟ್ಟಿರುವುದರಿಂದ ಇಲ್ಲಿ ಬಳಸುತ್ತಿಲ್ಲ) ಆಧುನಿಕ ರೂಪದಲ್ಲಿ ಆರಂಭವಾದದ್ದು ಈ ಚುಕ್ಕಿಯಿಂದಲೇ. 1960ರಲ್ಲಿ ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕಿನಲ್ಲಿದ್ದ 26 ಮೀಟರ್ ರೇಡಿಯೊ ದೂರದರ್ಶಕವನ್ನು ಟೌ ಸೆಟಿ ಮತ್ತು ಎಪ್ಸಿಲಾನ್ ಎರಿಡಾನಿಗಳತ್ತ ತಿರುಗಿಸಿ, ಹೈಡ್ರೋಜನ್ ಪರಮಾಣುವಿನ ಸಹಜ ಕಂಪನಾಂಕವಾದ 1420 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟರು. ಯಾರ ಸುಳಿವೂ ಸಿಗಲಿಲ್ಲ. ಮರುವರ್ಷ ಅವರು ನಮ್ಮ ಗೆಲಾಕ್ಸಿಯಾದ ಕ್ಷೀರಪಥದಲ್ಲಿ ಸಂಪರ್ಕಕ್ಕೆ ಸಿಗಬಹುದಾದ ನಾಗರಿಕತೆಗಳ ಸಂಖ್ಯೆಯನ್ನು ಅಂದಾಜಿಸಲು ಏಳು ಅಂಶಗಳ ಸಮೀಕರಣವೊಂದನ್ನು ಮುಂದಿಟ್ಟರು. ಆಗ ಸೌರಮಂಡಲದ ಹೊರಗಿನ ಒಂದು ಗ್ರಹವೂ ಗೊತ್ತಿರಲಿಲ್ಲ. ಇಂದು 5000ಕ್ಕೂ ಹೆಚ್ಚು ಗ್ರಹಗಳು ದೃಢಪಟ್ಟಿರುವುದರಿಂದ ಮೊದಲ ಕೆಲವು ಅಂಶಗಳಿಗೆ ಒಂದಿಷ್ಟು ಅಂಕಿಗಳು ಸಿಕ್ಕಿವೆ. ಕೊನೆಯ ಅಕ್ಷರವಾದ 'ಎಲ್' ಮಾತ್ರ ಇದ್ದಲ್ಲೇ ಇದೆ. ಸಂಕೇತ ಕಳಿಸಬಲ್ಲ ನಾಗರಿಕತೆಯೊಂದು ಎಷ್ಟು ವರ್ಷ ಬಾಳುತ್ತದೆ ಎಂಬುದೇ ಅದರ ಅರ್ಥ. ಡ್ರೇಕ್ ಇದನ್ನು ಎಷ್ಟು ಮುಖ್ಯವೆಂದು ತಿಳಿದಿದ್ದರೆಂದರೆ, ಉತ್ತರವು ಎಲ್‌ಗೆ ಸಮ ಎಂಬುದನ್ನೇ ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲಿ ಹಾಕಿಸಿಕೊಂಡಿದ್ದರು.

ನಾವು ರೇಡಿಯೊ ಕಲಿತು ಇನ್ನೂ ಒಂದೂಕಾಲು ಶತಮಾನ ಕಳೆದಿದೆಯಷ್ಟೆ. ಕ್ಷೀರಪಥದ ವಯಸ್ಸೋ ಸಾವಿರ ಕೋಟಿ ವರ್ಷಗಳಿಗೂ ಮಿಕ್ಕಿದ್ದು. ಪ್ರತಿಯೊಂದು ನಾಗರಿಕತೆಯೂ ಕೆಲವು ನೂರು ವರ್ಷ ಮಾತನಾಡಿ ಅಳಿದುಹೋಗುವುದಾದರೆ, ಲಕ್ಷಾಂತರ ನಾಗರಿಕತೆಗಳು ಹುಟ್ಟಿದ್ದರೂ ಒಬ್ಬರು ಬಾಗಿಲು ತಟ್ಟುವ ಹೊತ್ತಿಗೆ ಇನ್ನೊಬ್ಬರ ಮನೆ ಪಾಳು ಬಿದ್ದಿರುತ್ತದೆ. ಆದ್ದರಿಂದ, ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳುವಾಗಲೆಲ್ಲ ನಾವೆಷ್ಟು ದಿನ ಇರುತ್ತೇವೆ ಎಂದೂ ಕೇಳುತ್ತಿದ್ದೇವೆ ಎಂಬುದು ನನ್ನ ತಿಳಿವಳಿಕೆ.

"ಇಲ್ಲಿ ಕುಡಿಯುವ ನೀರಿಗೇ ಗತಿಯಿಲ್ಲ, ಅನ್ಯಲೋಕದವರ ಉಸಾಬರಿ ಯಾಕೆ?" ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲೇ ಇದೆ. ನದಿಯಿಲ್ಲದ ಈ ಊರು ಕೆರೆಗಳನ್ನು ಕಟ್ಟಿಕೊಂಡು ಬೆಳೆಯಿತು. ಒಂದರ ಕೋಡಿ ಹರಿದರೆ ಕೆಳಗಿನ ಇನ್ನೊಂದು ತುಂಬುತ್ತಿತ್ತು. ತೂಬು ತೆರೆದು ಮುಚ್ಚಲು ನೀರುಗಂಟಿ ಇದ್ದ, ಬೇಸಿಗೆಯಲ್ಲಿ ಹೂಳೆತ್ತುವ ಕೆಲಸವಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ, ಅನಂತರ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪಿನಿಂದ ಎತ್ತಿ ತಂದ ಮೇಲೆ, ಕೆರೆಯ ಹಂಗು ತೀರಿತೆಂದು ಊರು ಭಾವಿಸಿತು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ನಮ್ಮ ಬೀದಿಯ ಎಂಜಿನಿಯರುಗಳೆಲ್ಲ ಟ್ಯಾಂಕರಿಗಾಗಿ ಫೋನ್ ಹಿಡಿದು ಕೂತಿದ್ದರು, ನಾನೂ ಕೂತಿದ್ದೆ. ಜಾಣತನಕ್ಕೇನೂ ಕೊರತೆಯಿರಲಿಲ್ಲ, ನೀರುಗಂಟಿಯ ಕೆಲಸ ಮಾಡುವವರು ಇರಲಿಲ್ಲ. ಎಲ್ ಎಂಬ ಅಕ್ಷರ ಚಿಕ್ಕದಾಗುವುದು ಹೀಗೆಯೇ ಎಂದು ನನಗೆ ಅನುಮಾನ.

ಈ ಎಲ್ ಹಿಗ್ಗಿಸಲು ಮಂಗಳ ಗ್ರಹಕ್ಕೆ ಗುಳೆ ಹೋಗುವ ಮಾತು ನನಗೆ ಒಪ್ಪಿಗೆಯಿಲ್ಲ. ಭೂಮಿಯ ವಾಯುಭಾರದ ನೂರನೆಯ ಒಂದು ಪಾಲೂ ಇಲ್ಲದ ಅಲ್ಲಿ ಉಸಿರಿಗೂ ಟ್ಯಾಂಕರ್ ಬೇಕು. ಅದಕ್ಕಿಂತ 2022ರ ಸೆಪ್ಟೆಂಬರ್ 26ರಂದು ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹಗಳ ದಾರಿ ತಪ್ಪಿಸುವ ಪ್ರಯೋಗವಾಗಿ ನಾಸಾದ ಡಾರ್ಟ್ ನೌಕೆಯನ್ನು, ಕ್ಷುದ್ರಗ್ರಹವೊಂದನ್ನು ಸುತ್ತುವ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಗುದ್ದಿಸಿ, ಅದರ ಪರಿಭ್ರಮಣದ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಕುಗ್ಗಿಸಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ಕೆಲಸ. 6.6 ಕೋಟಿ ವರ್ಷಗಳ ಹಿಂದೆ ಡೈನೊಸಾರುಗಳಿಗೆ ಇಂಥ ಕಾವಲುಗಾರರಿರಲಿಲ್ಲ.

ಕೆಳಗಿಳಿಯುವ ಮುನ್ನ ಅವಳಿಗೆ ವಾಯೇಜರ್ ನೌಕೆಗಳ ಕಥೆ ಹೇಳಿದೆ. 1977ರಲ್ಲಿ ಹೊರಟ ಅವುಗಳಲ್ಲಿ ಚಿನ್ನದ ಲೇಪವಿರುವ ಧ್ವನಿಮುದ್ರಿಕೆಯಿದೆ, ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡಿಗರ ಪರವಾಗಿ ಶುಭ ಕೋರುವ ಕನ್ನಡದ ದನಿಯೂ ಇದೆ. ವಾಯೇಜರ್ 1 ಇನ್ನೊಂದು ನಕ್ಷತ್ರದ ಆಸುಪಾಸಿಗೆ ಹೋಗಲು ಸುಮಾರು 40,000 ವರ್ಷ ಹಿಡಿಯುತ್ತದೆ ಎಂದಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಯಾರ ಪರವಾಗಿ ಮಾಮ?" ಎಂದಳು. ಕೆಳಗೆ ಟ್ಯಾಂಕರ್ ಬಂದು ಹಾರ್ನ್ ಹೊಡೆಯುತ್ತಿತ್ತು. ಸಂಪಿನ ಮುಚ್ಚಳ ತೆಗೆಯಲು ಇಳಿದು ಹೋದೆ.