ಒಂಟಿ ಪಯಣಕ್ಕೆ ಸಣ್ಣ ವ್ಯಾನು: ಅಕ್ಕನ ಪರ, ತಮ್ಮನ ವಿರೋಧ

ಪ್ರಶ್ನೆ: ಮನೆಗೆ ಬೀಗ ಹಾಕಿ, ಒಬ್ಬರೇ, ವರ್ಷವಿಡೀ ಗಾಡಿಯಲ್ಲೇ ಇದ್ದು ಊರೂರು ತಿರುಗಬೇಕೆನ್ನುವವರಿಗೆ ಈಕೋದಂಥ ಸಣ್ಣ ವ್ಯಾನು ಸರಿಯೆ, ಒಳಗೆ ನಿಂತು ಓಡಾಡಬಹುದಾದ ಟ್ರಾವೆಲರ್‌ನಂಥ ದೊಡ್ಡ ಗಾಡಿ ಸರಿಯೆ?

ಪರ

ನಮ್ಮ ಕಡೆ ಕ್ಯಾಂಪರ್ ಎಂದರೆ ಜನರ ಕಣ್ಣ ಮುಂದೆ ಬರುವುದು ಮುಂದೆ ಮಂದಿ ಕೂತು ಹಿಂದೆ ಸಾಮಾನು ಹೇರುವ ಬೊಲೆರೊ ಕ್ಯಾಂಪರ್. ಹಾಗಾಗಿ ನಾನು ಒಳಗೇ ಮಲಗಿ ಊರೂರು ತಿರುಗುವ ಕ್ಯಾಂಪರ್ ವ್ಯಾನು ಮಾಡಿಸಿಕೊಂಡೆನೆಂದು ಹೇಳಿದಾಗ ಟಿಳಕವಾಡಿಯ ನೆರೆಯವರೊಬ್ಬರು, ಯಾವ ಹೊಲಕ್ಕೆ ಗೊಬ್ಬರ ಹೊರುತ್ತೀರಿ ಎಂದು ಕೇಳಿದ್ದರು. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಈಕೋ ಕೊಂಡು, ಅದರೊಳಗೊಂದು ಹಲಗೆ ಹಾಕಿಸಿ ಹೊರಟವಳು ನಾನು. ಇದು ಎರಡನೆಯ ವರ್ಷ.

ಮನೆ ನೋಡುವಾಗ ಒಳಗೆ ಎಷ್ಟು ಜಾಗವಿದೆ ಎಂದು ನೋಡುತ್ತೇವೆ. ಗಾಡಿಯೇ ಮನೆಯಾಗುವುದಾದರೆ ಅದು ಹೊರಗೆ ಎಷ್ಟು ಜಾಗ ಕೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಈಕೋದ ಉದ್ದ 3,675 ಮಿ.ಮೀ., ಅಗಲ 1,475 ಮಿ.ಮೀ.; ಇದರ ವೀಲ್‌ಬೇಸ್ 2,350 ಮಿ.ಮೀ. ಆದರೆ ಟ್ರಾವೆಲರ್‌ನ ಒಂದು ಮಾದರಿಯ ವೀಲ್‌ಬೇಸ್ 3,350 ಮಿ.ಮೀ., ಅಂದರೆ ಗಾಲಿಯಿಂದ ಗಾಲಿಗೇ ಒಂದು ಮೀಟರು ಹೆಚ್ಚು. ಕಾಗದದ ಮೇಲೆ ಒಂದು ಮೀಟರು ದೊಡ್ಡದಲ್ಲ. ಗುಡಿಗಳ ನಡುವೆಯೇ ಮನೆಗಳಿರುವ ಐಹೊಳೆಯ ಓಣಿಯಲ್ಲಿ, ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ದಂಡೆಗೆ ಹೋಗುವ ಇಕ್ಕಟ್ಟಿನಲ್ಲಿ, ಇಲ್ಲವೇ ಬೆಳಗಾವಿಯ ಖಡೇಬಜಾರಿನಲ್ಲಿ ಗಾಡಿ ತಿರುಗಿಸಿ ನೋಡಿದವರಿಗೆ ಅದರ ಬೆಲೆ ಗೊತ್ತು. ದೊಡ್ಡ ಗಾಡಿಯವರು ಊರ ಹೊರಗೆ ನಿಲ್ಲಿಸಿ ಆಟೋ ಹಿಡಿಯುತ್ತಾರೆ, ನಾನು ಕಾಯಿಪಲ್ಲೆ ಅಂಗಡಿಯ ಮುಂದೆಯೇ ನಿಲ್ಲಿಸುತ್ತೇನೆ.

ಒಂಟಿ ಹೆಂಗಸಿಗೆ ಇದಕ್ಕಿಂತ ದೊಡ್ಡ ಅನುಕೂಲ ರಾತ್ರಿಯದು. ಬಿಳಿ ಈಕೋವನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಶಾಲೆಯ ಮಕ್ಕಳನ್ನು ಬಿಡುವ ಗಾಡಿಯೂ, ಹಾಲಿನವರ ಗಾಡಿಯೂ, ಆಸ್ಪತ್ರೆಯ ಗಾಡಿಯೂ ಅದೇ ಆಕಾರದಲ್ಲಿರುತ್ತವೆ. ಅವ್ವನ ಹಳೆಯ ಕೌದಿಯೊಂದನ್ನು ಕಿಟಕಿಗಳ ಅಳತೆಗೆ ಕತ್ತರಿಸಿ ಹೊಲಿದುಕೊಂಡಿದ್ದೇನೆ. ಅದನ್ನು ಗಾಜಿಗೆ ಸಿಕ್ಕಿಸಿದರೆ ಒಳಗಿನ ದೀಪ ಹೊರಗೆ ಕಾಣುವುದಿಲ್ಲ. ಒಮ್ಮೆ ನಿಡಗುಂದಿಯಾಚೆ ಹೆದ್ದಾರಿಯ ಬದಿಯಲ್ಲಿ ಮಲಗಿದ್ದಾಗ ಯಾರೋ ಕುಡಿದವರು ಬಂದು ಗಾಜು ಬಡಿಯತೊಡಗಿದರು. ಬಾಗಿಲು ತೆರೆಯಲಿಲ್ಲ, ಮಾತಾಡಲಿಲ್ಲ. ಮುಂದಿನ ಎರಡು ಸೀಟುಗಳ ನಡುವೆ ನುಸುಳಿ ಸ್ಟಿಯರಿಂಗ್ ಹಿಂದೆ ಕೂತು ಕೀಲಿ ತಿರುಗಿಸಿದೆ, ಕೊಲ್ಹಾರದ ಕಡೆಗೆ ಹೊರಟುಬಿಟ್ಟೆ. ಒಳಗಿನಿಂದಲೇ ಚಾಲಕರ ಸೀಟಿಗೆ ಬರಲಾಗದ ಗಾಡಿಯನ್ನು, ಅದು ಎಷ್ಟೇ ದೊಡ್ಡದಿರಲಿ, ಒಂಟಿ ಹೆಂಗಸಿಗೆ ನಾನು ಹೇಳಲಾರೆ.

ಕೆಟ್ಟರೆ ಏನು ಎನ್ನುವ ಪ್ರಶ್ನೆಗೆ ಉತ್ತರ ನಮ್ಮ ಊರೂರ ಗ್ಯಾರೇಜುಗಳಲ್ಲಿದೆ. 1984ರಿಂದ 2019ರವರೆಗೆ ತಯಾರಾದ ಮಾರುತಿ ವ್ಯಾನು, ಅಂದರೆ ಓಮ್ನಿ, ಒಂದು ತಲೆಮಾರಿನ ಮಿಸ್ತ್ರಿಗಳಿಗೆ ಕೆಲಸ ಕಲಿಸಿದೆ. ಮುಂದಿನ ಸೀಟು ಎತ್ತಿದರೆ ಎಂಜಿನ್ ಎಂಬ ಅದೇ ಜೋಡಣೆ ಈಕೋದಲ್ಲೂ ಇರುವುದರಿಂದ ತೇರದಾಳದಲ್ಲಾಗಲಿ ಸಿಂದಗಿಯಲ್ಲಾಗಲಿ ಯಾರೂ ಬೆದರುವುದಿಲ್ಲ. ಕೃಷ್ಣೆಯ ಆಸುಪಾಸಿನ ಎರೆ ಮಣ್ಣನ್ನು ಬಲ್ಲವರು ಇನ್ನೊಂದನ್ನೂ ಒಪ್ಪುತ್ತಾರೆ. ಒಂದು ಮಳೆ ಬಿದ್ದ ಮೇಲೆ ಆ ಮಣ್ಣಿನಲ್ಲಿ ಗಾಲಿ ಇಳಿದರೆ, ಒಂದು ಟನ್ನಿಗೂ ಕಡಿಮೆ ತೂಗುವ ಖಾಲಿ ವ್ಯಾನನ್ನು ಹೊಲದಲ್ಲಿದ್ದ ನಾಲ್ಕು ಜನ ನೂಕಿ ರಸ್ತೆಗೆ ಹಾಕುತ್ತಾರೆ. ಎರಡು ಟನ್ನು ಮೀರಿದ ಗಾಡಿಗೆ ಟ್ರ್ಯಾಕ್ಟರ್ ಹುಡುಕಬೇಕು.

ಒಬ್ಬರಿಗೆ ಬೇಕಾಗುವುದು ಎಷ್ಟು ಎಂದು ಕೂತು ಲೆಕ್ಕ ಹಾಕಿದರೆ ದೊಡ್ಡ ಗಾಡಿಯ ಆಸೆ ತಾನಾಗಿ ಇಳಿಯುತ್ತದೆ. 12.8 ವೋಲ್ಟಿನ, 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ 1,280 ವಾಟ್-ಅವರ್ ವಿದ್ಯುತ್ತು ಹಿಡಿಯುತ್ತದೆ. 25 ವಾಟಿನ ಫ್ಯಾನು ಹತ್ತು ತಾಸು ತಿರುಗಿದರೆ 250, ಫೋನು, ದೀಪ, ಲ್ಯಾಪ್‌ಟಾಪಿಗೆ ಇನ್ನೊಂದು 100. ಮೂರು ದಿನ ಒಂದೇ ಕಡೆ ನಿಂತರೂ ಚಿಂತೆಯಿಲ್ಲ. ಓಡಿಸುವಾಗ ಗಾಡಿಯೇ ಅದನ್ನು ತುಂಬುತ್ತದೆ. ನೀರಿಗೆ ಇಪ್ಪತ್ತು ಲೀಟರಿನ ಎರಡು ಕ್ಯಾನು. ಅಡುಗೆಮನೆ ನನಗೆ ಬೇಡವೇ ಬೇಡ. ವಾರಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಡಬ್ಬಿಯಲ್ಲಿರುತ್ತವೆ. ಮಧ್ಯಾಹ್ನಕ್ಕೆ ಯಾವ ಊರಲ್ಲೂ ಒಂದು ಖಾನಾವಳಿ ಇದ್ದೇ ಇರುತ್ತದೆ. ಫ್ರಿಜ್ಜು, ಸಿಂಕು, ಒಲೆಕಟ್ಟೆ ಎಂದು ಗಾಡಿಯೊಳಗೆ ಕಟ್ಟಿಸುವವರು ತಾವು ಬಿಟ್ಟು ಬಂದ ಮನೆಯನ್ನೇ ಮತ್ತೆ ಬೆನ್ನಿಗೆ ಹೊತ್ತುಕೊಳ್ಳುತ್ತಾರೆ ಎಂದು ನನಗನಿಸುತ್ತದೆ.

ನಮ್ಮ ಅಜ್ಜಿ ಕೊಲ್ಲಾರಿ ಬಂಡಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದರು. ಕಮಾನಿನ ಕೆಳಗೆ ಹಾಸಿಗೆ, ರೊಟ್ಟಿಯ ಬುಟ್ಟಿ, ನೀರಿನ ಕೊಡ. ಅಷ್ಟರಲ್ಲೇ ಐದಾರು ಮಂದಿ. ನನ್ನ ಬಂಡಿಯಲ್ಲಿ ನಾನೊಬ್ಬಳೇ, ಎತ್ತರ ಐದಡಿ ಒಂದಂಗುಲ, ಹಲಗೆಯ ಉದ್ದ ಐದೂವರೆ ಅಡಿ. ಇನ್ನೂ ಇಕ್ಕಟ್ಟು ಎನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ವಿರೋಧ

ಅಕ್ಕ ಹಾಕಿದ ಬ್ಯಾಟರಿಯ ಲೆಕ್ಕ ಸರಿಯಾಗಿದೆ, ಎರೆ ಮಣ್ಣಿನ ಮಾತೂ ನಿಜ. ತಕರಾರಿರುವುದು ‘ವರ್ಷವಿಡೀ’ ಎನ್ನುವ ಒಂದು ಮಾತಿನ ಬಗ್ಗೆ. ಹೋದ ವರ್ಷ ಏಪ್ರಿಲ್‌ನಲ್ಲಿ ಹತ್ತೊಂಬತ್ತು ದಿನ ಅವಳು ವಿಜಯಪುರದ ನಮ್ಮ ಮನೆಯಲ್ಲಿದ್ದಳು; ಜುಲೈಯಲ್ಲಿ ಜ್ವರ ಬಂದು ನಾಲ್ಕು ದಿನ ಲಾಡ್ಜ್ ಹಿಡಿದಳು, ಅಲ್ಲಿಂದ ನೇರ ಬೆಳಗಾವಿಗೆ ಹೋಗಿ ಮನೆಯ ಬೀಗ ತೆಗೆದವಳು ಗಣೇಶನನ್ನು ಕಳಿಸಿದ ಮೇಲೆಯೇ ಹೊರಬಿದ್ದದ್ದು. ಇದನ್ನು ನಾನು ಹಂಗಿಸಲು ಬರೆಯುತ್ತಿಲ್ಲ. ಸಣ್ಣ ವ್ಯಾನು ಅಗ್ಗವಾಗಿ ಕಾಣುವುದು ಅದರ ಬೆಲೆಯಲ್ಲಿ ತಮ್ಮನ ಮನೆಯ ಕೋಣೆಯನ್ನೂ ಲಾಡ್ಜಿನ ಬಾಡಿಗೆಯನ್ನೂ ಸೇರಿಸದೆ ಇರುವುದರಿಂದ ಎಂದು ತೋರಿಸಲು ಬರೆಯುತ್ತಿದ್ದೇನೆ.

ನಾನು ಲಾರಿ, ಟೆಂಪೋಗಳ ಬಾಡಿ ಕಟ್ಟುವ ಕೆಲಸದವನು. ಅಕ್ಕನ ಹಲಗೆಯನ್ನು ಕೂಡಿಸಿಕೊಟ್ಟವನೂ ನಾನೇ. ಆ ಗಾಡಿಯ ಒಳಗಿನ ಎತ್ತರ ಸುಮಾರು ನಾಲ್ಕಡಿ. ಸಾಮಾನಿನ ಪೆಟ್ಟಿಗೆಗಳಿಗೆ ಒಂದಡಿ, ಗಾದಿಗೆ ಮೂರಂಗುಲ ಹೋದರೆ ಕೂರಲು ಉಳಿಯುವುದು ಎರಡಡಿ ಒಂಬತ್ತಂಗುಲ. ಬಿಸಿಲು ತಡೆಯಲು ಚಾವಣಿಯ ತಗಡಿನ ಕೆಳಗೆ ಒಂದಂಗುಲದ ಶೀಟು ಕೊಟ್ಟು ಮೇಲೆ ಬಟ್ಟೆ ಹೊಲಿಸಿದೆವು. ಈಗ ಅಕ್ಕ ಹಾಸಿಗೆಯ ಮೇಲೆ ನೆಟ್ಟಗೆ ಕೂತರೆ ತಲೆ ತಾಗುತ್ತದೆ. ಅವಳು ದಿನವೂ ಕೂತು ಓದುವ ಜಾಗದ ಮೇಲ್ಗಡೆ ಆ ಬಟ್ಟೆಯಲ್ಲಿ ಅಂಗೈಯಗಲದ ಕೊಬ್ಬರಿ ಎಣ್ಣೆಯ ಕಲೆ ಬಿದ್ದಿದೆ. ಐದಡಿ ಒಂದಂಗುಲದವಳ ಕಥೆ ಇದಾದರೆ, ಐದಡಿ ಹತ್ತಂಗುಲದವನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಮಲಗಬೇಕು, ಸೀರೆಯನ್ನೋ ಪ್ಯಾಂಟನ್ನೋ ಮಲಗಿಕೊಂಡೇ ಉಡಬೇಕು. ಹದಿನೈದು ದಿನದ ಪ್ರವಾಸದಲ್ಲಿ ಇದು ನಗುವ ಸಂಗತಿ. ಅರವತ್ತು ದಾಟಿದವರ ಸೊಂಟಕ್ಕೆ ಮುನ್ನೂರು ದಿನ ಹಾಗಲ್ಲ. ‘ಅಕ್ಕಾ, ಬಗ್ಗಿ ಬಗ್ಗಿ ಎಷ್ಟ ದಿನಾ ಇರ್ತಿ?’ ಎಂದು ಕೇಳಿದರೆ, ಹೊರಗೆ ಆಕಾಶವಿದೆಯಲ್ಲ ಎನ್ನುತ್ತಾಳೆ.

ಆ ಆಕಾಶದ ವಿಚಾರಕ್ಕೇ ಬರೋಣ. ಸಣ್ಣ ವ್ಯಾನಿನಲ್ಲಿ ಒಳಗೆ ಮಲಗುವುದು ಮಾತ್ರ. ನಿಲ್ಲುವುದು, ಮೀಯುವುದು, ಬಟ್ಟೆ ಒಣಗಿಸುವುದು, ಸುಮ್ಮನೆ ಕೂತಿರುವುದು ಎಲ್ಲವೂ ಹೊರಗೇ ಆಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿ ಹತ್ತಕ್ಕೂ ತಗಡಿನ ಮೇಲೆ ಕೈಯಿಟ್ಟರೆ ಬಿಸಿ ಆರಿರುವುದಿಲ್ಲ, ಫ್ಯಾನು ಆ ಬಿಸಿಯನ್ನೇ ತಿರುಗಿಸುತ್ತದೆ. ಆ ಬ್ಯಾಟರಿಯ ಮೇಲೆ ಒಂದು ಟನ್ನಿನ ಎಸಿ ಹಾಕಿದರೆ ಒಂದೆರಡು ತಾಸಿನಲ್ಲಿ ಕತ್ತಲೆ. ದೊಡ್ಡ ಗಾಡಿಯಲ್ಲೂ ರಾತ್ರಿಯಿಡೀ ಎಸಿ ಓಡಿಸಲಾಗದು, ಒಪ್ಪಿದೆ. ಆದರೆ ಎರಡಂಗುಲದ ಶೀಟು ಕೊಟ್ಟರೂ ಅಲ್ಲಿ ತಲೆ ತಾಗುವುದಿಲ್ಲ, ಚಾವಣಿಯಲ್ಲಿ ಬಿಸಿಗಾಳಿ ಎಳೆದು ಹಾಕುವ ಫ್ಯಾನು ಕೂರಿಸಬಹುದು, ಸೌರ ಫಲಕಕ್ಕೆ ಮೇಲೆ ಹತ್ತಾರು ಚದರ ಅಡಿ ಸಿಗುತ್ತದೆ.

ಮಳೆಗಾಲ ಇದಕ್ಕಿಂತ ಕಷ್ಟ. ಜಾಂಬೋಟಿ ದಾಟಿ ಕಣಕುಂಬಿಯ ಕಡೆಗೆ ಏರಿದರೆ ಜುಲೈಯಲ್ಲಿ ದಿನಗಟ್ಟಲೆ ಮಳೆ ಬಿಡುವುದಿಲ್ಲ. ಅಕ್ಕನಿಗೆ ಜ್ವರ ಬಂದದ್ದು ಅಲ್ಲೇ. ಒಮ್ಮೆ ನೆನೆದ ಸೀರೆಯನ್ನು ಹರವಲು ಸ್ಟಿಯರಿಂಗ್ ಬಿಟ್ಟು ಬೇರೆ ಜಾಗವಿಲ್ಲ, ಕಿಟಕಿ ತೆರೆದರೆ ಇರಚಲು, ಮುಚ್ಚಿದರೆ ಉಸಿರಿನ ತೇವವೇ ಗಾಜಿನ ಮೇಲೆ ಹರಿಯುತ್ತದೆ. ರಾತ್ರಿ ಮೂರು ಸಲ ಹೊರಗೆ ಹೋಗಬೇಕಾದ ಕಾಯಿಲೆಯಲ್ಲಿ, ಬಗ್ಗಿ ಜಾರುವ ಬಾಗಿಲು ಸರಿಸಿ ಕತ್ತಲಲ್ಲಿ ಕೊಡೆ ಹಿಡಿದು ಇಳಿಯುವವಳಿಗೆ, ಗಾಜು ಬಡಿದ ಕುಡುಕನಿಂದ ತಪ್ಪಿಸಿಕೊಂಡ ಆ ಜಾಣತನ ಯಾವ ಉಪಯೋಗಕ್ಕೂ ಬರುವುದಿಲ್ಲ. ಕೊಲ್ಲಾರಿ ಬಂಡಿಯ ನೆನಪು ಚೆಂದವೇ, ಆದರೆ ಅಜ್ಜಿ ಹೋಗುತ್ತಿದ್ದದ್ದು ಜಾತ್ರೆಗೆ. ಹುಣ್ಣಿಮೆ ಮುಗಿಸಿ ಮನೆಗೆ ಮರಳುತ್ತಿದ್ದಳು. ನಿಜವಾಗಿ ಅಲೆದು ಬದುಕುವವರೆಂದರೆ ನಮ್ಮ ಕುರಿಗಾರರು. ಕುದುರೆಯ ಬೆನ್ನಿಗೆ ಸಂಸಾರ ಹೇರಿ ಹೊರಡುವ ಅವರಲ್ಲಿ ಒಬ್ಬರಿಗೆ ಜ್ವರ ಬಂದರೆ ನೀರು ಕೊಡಲು ಇನ್ನಿಬ್ಬರಿರುತ್ತಾರೆ.

ದೊಡ್ಡ ಗಾಡಿಗೆ ಬೇರೆ ಲೈಸೆನ್ಸ್ ಬೇಕೆನ್ನುವ ಭಯ ಹಲವರಿಗಿದೆ, 7,500 ಕೆ.ಜಿ.ವರೆಗಿನ ಗಾಡಿಗೆ ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಲೈಸೆನ್ಸ್ ಸಾಕು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಸ್ಪಷ್ಟಪಡಿಸಿದೆ. ಕಾನೂನಿನ ನಿಜವಾದ ತೊಡಕು ಸಣ್ಣ ಗಾಡಿಗೂ ಅಷ್ಟೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿಯಲ್ಲಿ ಬರೆದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಗಿಯಾಗಿ ಹೇಳಿತು. ಅಕ್ಕನ ಆರ್‌ಸಿಯಲ್ಲಿ ಐದು ಸೀಟು, ಗಾಡಿಯಲ್ಲಿ ಎರಡು. ಹಿಂದಿನ ಸೀಟು ನನ್ನ ಅಂಗಡಿಯ ಅಟ್ಟದ ಮೇಲಿದೆ. ಅಪಘಾತವೇನಾದರೂ ಆದರೆ ವಿಮೆಯವರು ಮೊದಲು ಎಣಿಸುವುದು ಅದನ್ನೇ ಎಂದು ನಾನು ಹೇಳುತ್ತಲೇ ಇದ್ದೇನೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನು ಎಂಬ ವರ್ಗ ಸರ್ಕಾರದ ಪಟ್ಟಿಯಲ್ಲಿದೆ; ಪಾಸಿಂಗ್ ಮಾಡಿಸಿ ಆ ಹೆಸರಿನಲ್ಲೇ ನೋಂದಾಯಿಸುವ ಖರ್ಚು, ಓಡಾಟ ಮಾಡುವುದಾದರೆ ಅದನ್ನು ನಿಂತು ಬದುಕಬಹುದಾದ ಗಾಡಿಗೆ ಮಾಡಬೇಕು. ಹತ್ತರಗಿ, ಹಿರೇಬಾಗೇವಾಡಿಯ ಟೋಲುಗಳಲ್ಲಿ ಮಿನಿ ಬಸ್ಸಿನ ದರ ಬಿದ್ದೀತು, ಡೀಸೆಲ್ಲೂ ಹೆಚ್ಚು ಕುಡಿದೀತು, ಬಾದಾಮಿಯಲ್ಲಿ ಆಟೋ ಹಿಡಿಯಬೇಕಾದೀತು. ಆಟೋದವರೂ ಬದುಕಬೇಕಲ್ಲ.

ಹೋದ ತಿಂಗಳು ಅಕ್ಕ ಬಂದಾಗ, ಚಾವಣಿಯನ್ನು ಕತ್ತರಿಸಿ ಒಂದಡಿ ಮೇಲೆತ್ತಿ ಕೊಡು ಎಂದಳು. ಒಪ್ಪಿಗೆಯಿಲ್ಲದೆ ಗಾಡಿಯ ಎತ್ತರಕ್ಕೆ ಕೈ ಹಾಕುವುದಿಲ್ಲ ಎಂದೆ. ಎಣ್ಣೆ ಹಿಡಿದ ಬಟ್ಟೆಯನ್ನು ಮಾತ್ರ ಕಿತ್ತು ಹೊಸದನ್ನು ಹೊಲಿಸಿಕೊಟ್ಟೆ, ಈ ಸಲ ಕಪ್ಪು ಬಣ್ಣದ್ದು.