ದಾಸರು ಯಾವ ರ್ಯಾಕಿನಲ್ಲಿ?

ರಾಯಚೂರಿನ ಬೇಸಿಗೆಯಲ್ಲಿ ಯಾರಾದರೂ ತಾವಾಗಿಯೇ ಲೈಬ್ರರಿ ಕಡೆ ಹೊರಟರೆ, ಅಲ್ಲಿ ಫ್ಯಾನ್ ಚೆನ್ನಾಗಿ ತಿರುಗುತ್ತದೆ ಅಂತಲೇ ಲೆಕ್ಕ. ನಾನೂ ಮೊದಲು ಹೋದದ್ದು ಫ್ಯಾನಿಗಾಗಿಯೇ. ಆಗ ಎಂ.ಎ. ಎರಡನೇ ವರ್ಷ. ಕಿರುಪ್ರಬಂಧಕ್ಕೆ ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಅಂತ ಬರೆದುಕೊಟ್ಟಿದ್ದೆ. ಬಸ್ಸು ಹತ್ತಿದರೆ ಮಾನ್ವಿ, ನಮ್ಮವರೇ ದಾಸರು, ಸುಲಭ ಅಂದುಕೊಂಡಿದ್ದೆ.

ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದೂ ಪುಸ್ತಕ ಇಲ್ಲ ಅಂತು. ಕನ್ನಡ ಪುಸ್ತಕಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ತುಂಬಿದ್ದರು. ಫಜೀತಿ ಅಲ್ಲೇ ಇತ್ತು. ಜಗನ್ನಾಥನಿಗೆ ಎನ್ ಒಂದೋ ಎರಡೋ? ದಾಸನಿಗೆ ಕೊನೆಯಲ್ಲಿ ಎ ಉಂಟೋ ಇಲ್ಲವೋ? ಒಂದೊಂದು ಪುಸ್ತಕಕ್ಕೂ ಒಂದೊಂದು ತರ. ನಾಲ್ಕನೇ ಸಲ ತೆಲುಗಿನವರ ಹಾಗೆ ‘ಥ’ ತೆಗೆದು ‘ಧ’ ಹಾಕಿದೆ. ಎರಡು ಪುಸ್ತಕ ಸಿಕ್ಕವು. ಗಡಿ ಊರು ನೋಡಿ!

ಕಂಪ್ಯೂಟರು ತೋರಿಸಿದ ನಂಬರು 894.814, ಅಂದರೆ ಕನ್ನಡ ಸಾಹಿತ್ಯ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ಪುಸ್ತಕ ವಿಂಗಡಣೆಯ ಲೆಕ್ಕ ಇದು. ಸಾಹಿತ್ಯಕ್ಕೆ 800. ಅದರಲ್ಲಿ ಇಂಗ್ಲಿಷಿಗೆ 820ರಿಂದ 829ರವರೆಗೆ ಇಡೀ ಓಣಿ. ನಮಗೆ ಮಾತ್ರ ಪಾಯಿಂಟ್ ಆದ ಮೇಲೆ ಮೂರು ಅಂಕಿ, ಬಾಡಿಗೆ ಮನೆ ನಂಬರಿಗೆ ‘ಬೈ’ ಸೇರಿಸಿದ ಹಾಗೆ. ಅದೇ 894ರಲ್ಲಿ ಟರ್ಕಿ, ಹಂಗೇರಿ, ಫಿನ್‌ಲೆಂಡಿನವರೂ ಇದ್ದಾರೆ. ತೆಲುಗು 894.827. ನಮ್ಮ ಸಂತೆಯಲ್ಲಿ ಕನ್ನಡ, ತೆಲುಗು ಒಂದೇ ವಾಕ್ಯದಲ್ಲಿ ಬರುತ್ತವೆ. ಡ್ಯೂಯಿ ಲೆಕ್ಕದಲ್ಲಿ ಹದಿಮೂರು ಮನೆ ದೂರ.

ರ್ಯಾಕಿಗೆ ಹೋದರೆ ಅಲ್ಲಿ ದಾಸರಿಲ್ಲ. ಪುಸ್ತಕ ಎತ್ತಿಡುವ ಕಾಕಾ ಬಂದರು.

“ಏನ್ ಹುಡುಕಾಕತ್ತಿಯವ್ವಾ?”

“ಹರಿಕಥಾಮೃತಸಾರ, ಕಾಕಾ.”

“ಮಾನ್ವಿ ದಾಸರೇನು? ಅವರು ಇಲ್ಲಿಲ್ಲ. ಕಿಟಕಿ ಕಡೆ ಧರ್ಮದ ರ್ಯಾಕಿನ್ಯಾಗ ಅದಾರ.”

ನಿಜ. ಕಿಟಕಿ ಪಕ್ಕ 294.5ರಲ್ಲಿ, ನೀಲಿ ಬೈಂಡಿನಲ್ಲಿ ಕೂತಿದ್ದರು. ಭಾಮಿನಿ ಷಟ್ಪದಿ ಅಂದಮೇಲೆ ಸಾಹಿತ್ಯ ಅಲ್ವಾ? ದ್ವೈತ ತತ್ವ ಅಂದಮೇಲೆ ಧರ್ಮ ಅಲ್ವಾ? ಎರಡೂ ಹೌದು. ಆದರೆ ಒಂದು ಪ್ರತಿ ಎರಡು ಕಡೆ ನಿಲ್ಲಲಾರದು. ಯಾರೋ ಒಬ್ಬರು ಒಂದು ಮಧ್ಯಾಹ್ನ ಪೆನ್ನು ಹಿಡಿದು ತೀರ್ಮಾನ ಮಾಡಿಬಿಟ್ಟಿದ್ದಾರೆ. ಆ ತೀರ್ಮಾನ ಸರಿಯೋ ತಪ್ಪೋ ಅಂತ ಬರೆಯುತ್ತ ಹೋದೆ, ನನ್ನ ಮೊದಲನೇ ಅಧ್ಯಾಯವೇ ಆಯಿತು. ಗೈಡ್ ಮೇಡಂ ಬಹಳ ಮೆಚ್ಚಿದರು. ಕಾಕಾನ ಸಂಗತಿ ನಾನು ಹೇಳಲಿಲ್ಲ, ಸುಮ್ನೆ ನಕ್ಕೆ.

ಪಕ್ಕದ ಪುಸ್ತಕದಲ್ಲಿ ದಾಸರ ಕಥೆಯೂ ಸಿಕ್ಕಿತು. ದಾಸರಾಗುವ ಮೊದಲು, ಇನ್ನೂ ಶ್ರೀನಿವಾಸಾಚಾರ್ಯರಾಗಿದ್ದಾಗ, ಹಿರಿಯ ಹರಿದಾಸರಾದ ವಿಜಯದಾಸರು ಊಟಕ್ಕೆ ಕರೆದರಂತೆ. ಇವರಿಗೆ ಪಾಂಡಿತ್ಯದ ಬಿಗುಮಾನ. ಹೊಟ್ಟೆನೋವು ಅಂತ ಸುಳ್ಳು ಹೇಳಿದರು. ಆಮೇಲೆ ನಿಜವಾಗಿಯೇ ಹೊಟ್ಟೆಶೂಲೆ ಹಿಡಿಯಿತು. ವಾಸಿ ಮಾಡಿದವರು ವಿಜಯದಾಸರ ಶಿಷ್ಯ ಗೋಪಾಲದಾಸರು ಅಂತ ಪ್ರತೀತಿ.

ಎರಡೂ ಪುಸ್ತಕ ಹಿಂದಿರುಗಿಸುವಾಗ ಮೂರು ವಾರ ತಡವಾಗಿತ್ತು.

“ಹೊಟ್ಟೆನೋವಿತ್ತು ಕಾಕಾ,” ಅಂದೆ.

ಕಾಕಾ ತಾರೀಖಿನ ಚೀಟಿ ನೋಡಿದರು, ನನ್ನ ಮುಖ ನೋಡಿದರು.

“ಹೊಟ್ಟಿ ಬ್ಯಾನಿಗೆ ಗೋಪಾಲದಾಸರ ಹಂತ್ಯಾಕ ಹೋಗವ್ವಾ. ಅವರೂ ಕಿಟಕಿ ಕಡೆನ ಅದಾರ. ದಂಡ ಮಾತ್ರ ಇಲ್ಲೇ ಕಟ್ಟಿ ಹೋಗು.”