ಐಪಿ68 ಫೋನ್ ಅಂತ ಸೋಪು ಹಾಕಿ ತೊಳೆಯಬೇಡಿ

‘ಐಪಿ68 ಫೋನಿಗೆ ಅಡುಗೆಮನೆಯಲ್ಲಿ ಸ್ಟ್ಯಾಂಡೂ ಬೇಡ, ಕವರೂ ಬೇಡ. ಜಿಡ್ಡಾದರೆ ಪಾತ್ರೆ ಸೋಪು ಹಚ್ಚಿ ನಲ್ಲಿ ಕೆಳಗೆ ಹಿಡಿಯಿರಿ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಐಪಿ68 ಅನ್ನೋದು ಫೋನು ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತು. ಅದರಲ್ಲಿ 6 ಅಂದರೆ ಒಳಗೆ ಧೂಳು ಹೋಗುವುದಿಲ್ಲ. 8 ಅಂದರೆ ಕಂಪನಿ ಹೇಳಿದಷ್ಟು ಆಳ, ಹೇಳಿದಷ್ಟು ಹೊತ್ತು ಮುಳುಗಿದರೂ ತಡೆಯುತ್ತದೆ. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದ ಈ ಪರೀಕ್ಷೆ ನಡೆಯುವುದು ಸಾದಾ ನೀರಿನಲ್ಲಿ. ಕುಕ್ಕರ್ ಹಬೆ, ಹುಣಸೆ ರಸ, ಒಗ್ಗರಣೆ ಎಣ್ಣೆ, ಸೋಪು ಯಾವುದೂ ಅದರಲ್ಲಿಲ್ಲ. ಫೋನಿನ ಸೀಲ್ ಕೂಡ ದಿನ ಕಳೆದಂತೆ ಸವೆಯುತ್ತೆ, ಅಲ್ವಾ?

ಸ್ಟ್ಯಾಂಡನ್ನು ಒಲೆಯಿಂದ ದೂರವಿಡಿ. ಹಿಟ್ಟಿನ ಕೈಯಾದರೆ ಫೋನನ್ನು ಜಿಪ್ ಪೌಚ್‌ನಲ್ಲಿ ಹಾಕಿದರೆ ಸಾಕು. ತೆಳು ಪ್ಲಾಸ್ಟಿಕ್ ಮೇಲೂ ಟಚ್ ನಡೆಯುತ್ತೆ. ಬೆರಳಚ್ಚಿನಿಂದ ಲಾಕ್ ತೆಗೆಯುವುದು ಮಾತ್ರ ಕೈಕೊಡಬಹುದು. ಆ ಸಂದೇಶ ಬಂದರೆ ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ.